ನಾನು ಸುಳ್ಳೆಂದು ಬರೆದ ಗರಿ

ತಾಳೆಗರಿ ಓದುವ ಕೆಲಸಕ್ಕೆ ಸೇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇದು ಕೈಮುಗಿಯುವ ಕೆಲಸವಲ್ಲ, ಅನುಮಾನ ಪಡುವ ಕೆಲಸ. ಬರೆದವನ ಮೇಲೆ ಅನುಮಾನ, ನಕಲು ಮಾಡಿದವನ ಮೇಲೆ ಅನುಮಾನ, ಬರೆಸಿದ ದೊರೆಯ ಮೇಲೆ ಅನುಮಾನ, ಕಟ್ಟನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕೂತ ಯಜಮಾನನ ಮೇಲಂತೂ ಕೇಳಲೇಬೇಡಿ. ನನಗೆ ಯಾವಾಗ ಬಡ್ತಿ ಬಂತು, ಬೀಳ್ಕೊಡುಗೆಯಲ್ಲಿ ಯಾರು ಶಾಲು ಹೊದಿಸಿದರು ಅನ್ನುವುದೆಲ್ಲ ಯಾರಿಗೂ ಬೇಕಾಗಿಲ್ಲ. ಹೇಳಬೇಕಾದದ್ದು ಬೇರೆ ಇದೆ. ನಾನು ಬರೆದ ಎರಡು ಪುಟದ ವರದಿಯಿಂದ ಬೇತಮಂಗಲದ ಹತ್ತಿರದ ಒಂದು ಹಳ್ಳಿಯಲ್ಲಿ ಒಂದು ಸಂಸಾರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತನ್ನದೇ ದಾಯಾದಿಗಳ ಹೊಸ್ತಿಲಾಚೆಯೇ ನಿಂತಿರಬೇಕಾಯಿತು. ಆ ವರದಿಗೆ ನನಗೆ ಶಭಾಸ್‌ಗಿರಿ ಸಿಕ್ಕಿತ್ತು.

ಅನುಮಾನ ನನಗೆ ಮನೆಯಿಂದಲೇ ಬಂದದ್ದು. ಅಪ್ಪ ಬಂಗಾರಪೇಟೆ ಕಡೆಯ ಹಳ್ಳಿಯವರು, ಕೋಲಾರದ ನಂದಿದುರ್ಗ ಚಿನ್ನದ ಗಣಿಗೆ ಇಳಿಯುತ್ತಿದ್ದರು. ಪಾಳಿ ಮುಗಿದು ಮೇಲೆ ಬಂದರೆ ಗೇಟಿನಲ್ಲಿ ತಪಾಸಣೆ. ಬಾಯಿ ತೆರೆ, ತಲೆ ಕೊಡವು, ಊಟದ ಡಬ್ಬಿ ಬಿಚ್ಚು. ಬಂಗಾರದ ಚೂರು ಕದ್ದಿಲ್ಲ ಎಂದು ದಿನವೂ ರುಜುವಾತು ಮಾಡಿ ಬರುತ್ತಿದ್ದ ಮನುಷ್ಯ ಮನೆಗೆ ಬಂದು ನಮ್ಮ ಮೇಲೆ ಅದೇ ಕಣ್ಣಿಡುತ್ತಿದ್ದರು. ಸಕ್ಕರೆ ಡಬ್ಬದ ಮುಚ್ಚಳ ಸಡಿಲವಾಗಿದ್ದರೆ ಸಾಕು, "ಎಲ್ಲಿ, ನಾಲಗೆ ತೋರ್ಸು" ಅನ್ನುವರು. ಗಣಿ ಕೂಲಿಯವರ ಲೈನಿನ ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ, ಅಜ್ಜಿಯ ಊರಿಗೆ ಹೋದರೆ ತೆಲುಗು ಮಾತಾಡುತ್ತ ಬೆಳೆದ ನಾನು ಎಂ.ಎ. ಮಾಡಿ, ಹಸ್ತಪ್ರತಿಗಳನ್ನು ಹುಡುಕಿ ಪಟ್ಟಿ ಮಾಡುವ ಒಂದು ವಿಭಾಗಕ್ಕೆ ಸೇರಿದೆ.

ಅಲ್ಲಿನ ಮೇಲಧಿಕಾರಿ ನನ್ನ ಅಪ್ಪನನ್ನೂ ಮೀರಿಸಿದವರು. ಕಟ್ಟು ಕೈಗೆ ಬಂದರೆ ಮೊದಲ ಗರಿ ಮುಟ್ಟುತ್ತಿರಲಿಲ್ಲ, ಕೊನೆಯ ಗರಿಗೆ ಹೋಗುತ್ತಿದ್ದರು. ಮೊದಲ ಗರಿಯಲ್ಲಿ ದೇವರ ಸ್ತುತಿ ಇರುತ್ತದೆ, ಕೊನೆಯದರಲ್ಲಿ ನಕಲು ಮಾಡಿದವನ ಹೆಸರು, ಊರು, ಯಾರ ಮನೆಗೆ ಬರೆದ ಅನ್ನುವುದು. ಕಟ್ಟಿನ ಅಂಚಿನಲ್ಲಿ ಯಾವ ಗರಿ ಗಿಡ್ಡ, ಯಾವುದು ಉದ್ದ, ದಾರದ ತೂತು ಸುಟ್ಟು ಮಾಡಿದ್ದೋ ಕೊರೆದು ಮಾಡಿದ್ದೋ, ಎಲ್ಲ ನೋಡುವರು. ಸೇರಿದ ಹೊಸದರಲ್ಲಿ ಅಕ್ಷರ ಎದ್ದು ಕಾಣಲಿ ಎಂದು ನಾನು ದೀಪದ ಕಾಡಿಗೆಯನ್ನು ಧಾರಾಳವಾಗಿ ಬಳಿದು ಎಂಟು ಗರಿ ಕರ್ರಗೆ ಮಾಡಿಟ್ಟೆ. ಅವರು ಬೈಯಲಿಲ್ಲ. "ಇನ್ನು ಇದನ್ನು ಯಾರೂ ಓದೋದಿಲ್ಲ. ನೀವೂ ಓದೋದಿಲ್ಲ" ಎಂದು ಹೇಳಿ ತಮ್ಮ ಮೇಜಿಗೆ ಹೋದರು. ಬೈದಿದ್ದರೆ ಎರಡು ದಿನದಲ್ಲಿ ಮರೆತುಬಿಡುತ್ತಿದ್ದೆ.

ಇನ್ನು ಈ ಗರಿಗಳಲ್ಲಿರುವ ಪಾಳೆಯಗಾರರ ಕಾಲದ ಕಾವ್ಯಗಳ ವಿಷಯ. ಪ್ರೇಮದ ಕಾವ್ಯ ಅಂತ ಕಾಲೇಜುಗಳಲ್ಲಿ ಕಣ್ಣರಳಿಸಿ ಪಾಠ ಮಾಡುತ್ತಾರೆ. ಒಂದಷ್ಟು ಓದಿ ನೋಡಿ, ಆಮೇಲೆ ಮಾತಾಡೋಣ. ದೊರೆ ಬಾವಿಯ ಹತ್ತಿರವೋ ಕೆರೆಯ ಹತ್ತಿರವೋ ಒಬ್ಬಳನ್ನು ನೋಡಿದರೆ ಅದಕ್ಕೆ ಪ್ರೇಮ ಅಂತ ಹೆಸರು, ಅವನ ವಿರಹಕ್ಕೆ ರಾಶಿ ಪದ್ಯ. ಹೆಣ್ಣು ತಾನಾಗಿ ಯಾರನ್ನಾದರೂ ನೋಡಿದಳೋ, ಕವಿ ಕೂಡಲೇ ಹಿಂದಿನ ಜನ್ಮದ ಕರ್ಮ ಎಳೆದು ತರುತ್ತಾನೆ. ದೊರೆಗೆ ಸಾಲು ಸಾಲು ಬಿರುದು, ಅವಳಿಗೆ ಒಂದು ಹೆಸರೂ ಇಲ್ಲ, ಇಂಥವನ ಮಗಳು, ಮುಗಿಯಿತು. ಕವಿಗೆ ಅನ್ನ ಹಾಕುವವನು ದೊರೆ ತಾನೇ. ಹಾಗಾಗಿ ಪ್ರೀತಿಯ ಮಾತು ಬಂದಲ್ಲೆಲ್ಲ ನಾನು ಕೇಳುತ್ತಿದ್ದದ್ದು, ಇದನ್ನು ಬರೆಸಿದವರು ಯಾರು, ಇದರಿಂದ ಯಾರ ವಂಶ ದೊಡ್ಡದಾಯಿತು ಅಂತ. ಪ್ರಶ್ನೆಯಲ್ಲಿ ತಪ್ಪಿಲ್ಲ, ನೀವೂ ಕೇಳಿ. ಎಲ್ಲಿ ನಿಲ್ಲಿಸಬೇಕು ಎಂದು ಮಾತ್ರ ನನಗೆ ಯಾರೂ ಹೇಳಿಕೊಡಲಿಲ್ಲ.

ಆ ಹಳ್ಳಿಗೆ ನಾನು ಹೋದದ್ದು ಅಲ್ಲಿನ ದೊಡ್ಡಮನೆಯ ಯಜಮಾನ ನಾರಾಯಣಪ್ಪ ವಿಭಾಗಕ್ಕೆ ಕಾಗದ ಬರೆದದ್ದರಿಂದ. ತಮ್ಮ ವಂಶದ ಮೂಲಪುರುಷ ಒಬ್ಬ ಪಾಳೆಯಗಾರನೆಂದೂ ಅವನ ಮೇಲೆ ಬರೆದ ಸಾಂಗತ್ಯದ ಓಲೆಕಟ್ಟು ತಮ್ಮಲ್ಲಿದೆಯೆಂದೂ ಅದನ್ನು ಅಚ್ಚು ಹಾಕಿಸಬೇಕೆಂದೂ ಬರೆದಿದ್ದರು. ಬೇತಮಂಗಲದಲ್ಲಿ ಬಸ್ಸಿಳಿದು, ಕೆರೆಯ ಬದಿಯಲ್ಲೇ ನಡೆದು ಹೋದೆ. ಮನೆಯ ಅಜ್ಜಿ ಬಾಗಿಲಲ್ಲೇ ತಡೆದು, ನಾನು ಮುಟ್ಟಾಗಿಲ್ಲ ತಾನೇ ಎಂದು ಕೇಳಿದರು. ಇಲ್ಲ ಅಂದೆ. ನಂಬಲಿಲ್ಲ. ದೇವರ ಮೇಲೆ ಆಣೆ ಮಾಡಿಸಿಕೊಂಡ ಮೇಲೆ ಪೆಟ್ಟಿಗೆ ತೆಗೆಸಿದರು. ಈ ಕೆಲಸದಲ್ಲಿ ಗಂಡಸರಿಗೆ ಇಲ್ಲದ ಪರೀಕ್ಷೆ ಇದು, ಹೆಣ್ಣುಮಕ್ಕಳು ತಯಾರಾಗಿರಿ.

ಕಟ್ಟು ಚೆನ್ನಾಗಿತ್ತು. ಪೂಜೆಯ ಅರಿಸಿನ ಕುಂಕುಮದಿಂದ ಮೇಲಿನ ಗರಿಗಳು ಹಾಳಾಗಿದ್ದವು, ಒಳಗಿನವು ಸ್ಪಷ್ಟ. ಕತೆ ಇಷ್ಟು. ಪಾಳೆಯಗಾರನಿಗೆ ಕುಲದ ಅರಸಿ ಇದ್ದಾಳೆ. ಅವನು ಕೆರೆಯ ತೂಬು ಎತ್ತಿ ಇಳಿಸುವ ನೀರಗಂಟಿಯ ಮಗಳನ್ನು ನೋಡಿ ಮನಸ್ಸು ಕಳೆದುಕೊಳ್ಳುತ್ತಾನೆ. ಅರಸಿಯ ಸಂತಾನವೇ ದೊಡ್ಡಮನೆ. ನೀರಗಂಟಿಯ ಮಗಳ ಸಂತಾನ ಅದೇ ಬೀದಿಯ ಕೊನೆಯಲ್ಲಿತ್ತು, ಊರವರು ಚಿಕ್ಕಮನೆ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಮಹಾನವಮಿಯ ದಿನ ದೊಡ್ಡಮನೆಯ ಪಡಸಾಲೆಯಲ್ಲಿ ಈ ಓಲೆಯಿಂದ ಪಾಳೆಯಗಾರನ ಬಿರುದು, ಕಾಳಗಗಳ ಭಾಗವನ್ನಷ್ಟೇ ಓದಿಸುತ್ತಾರೆ. ದೊಡ್ಡಮನೆಯ ಕವಲಿನವರೆಲ್ಲ ಒಳಗೆ ಕೂರುತ್ತಾರೆ, ತಾಂಬೂಲ ತೆಗೆದುಕೊಳ್ಳುತ್ತಾರೆ. ಚಿಕ್ಕಮನೆಯವರು ಹೊಸ್ತಿಲಾಚೆ ಜಗಲಿಯ ಮೇಲೆ ನಿಂತು ಕೇಳಬೇಕು. ಅವರ ಮನೆಯಲ್ಲಿ ಸಾವಾದರೆ ದೊಡ್ಡಮನೆಯವರು ಹೆಗಲು ಕೊಡುವುದಿಲ್ಲ. ಏಕೆಂದರೆ ಅವರು ಇಟ್ಟುಕೊಂಡವಳ ಮಕ್ಕಳು.

ಇದನ್ನು ನನಗೆ ಹೇಳಿದವಳು ಚಿಕ್ಕಮನೆಯ ಸೊಸೆ ಮುನಿರತ್ನಮ್ಮ. ಆಗ ಮೂವತ್ತೈದರ ಆಸುಪಾಸಿನ ಹೆಂಗಸು, ಡೈರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದಳು. ನಾನು ಬಸ್ಸಿಗೆ ಹೋಗುವ ದಾರಿಯಲ್ಲಿ ಅಡ್ಡ ನಿಂತಳು.

"ಮೇಡಮ್ಮ, ಒಂದ್ಮಾತು ಕೇಳ್ಲಾ? ಆ ಓಲೆನಾಗೆ ನಮ್ಮ ಮೂಲದಜ್ಜಿ ಇಸ್ಯ ಐತಂತೆ. ಧಾರೆ ಎರೆಸ್ಕೊಂಡೋಳೋ, ಸುಮ್ನೆ ಇಟ್ಕೊಂಡಿದ್ದೋಳೋ, ಅದೊಂದು ನೋಡಿ ಏಳಿ."

"ಓದಿ ಮುಗಿಸಿಲ್ಲಮ್ಮ. ನೋಡ್ತೀನಿ" ಅಂದೆ.

"ನಮ್ ಯಜಮಾನ್ರು ಮುನಿವೆಂಕಟಪ್ಪ ಅಂತ. ಚಿಕ್ಕುಡುಗ ಆಗಿದ್ದಾಗಿಂದ ಆ ಜಗಲಿ ಮ್ಯಾಲೇ ನಿಂತವ್ರೆ. ಒಂದ್ಸಲಾನಾದ್ರೂ ಒಳಗೋಗಿ ಕುಂತ್ಕೋಬೇಕು ಅಂತ ಅವ್ರಿಗೆ. ಬಾಯ್ಬಿಟ್ಟು ಏಳಲ್ಲ, ನಂಗೊತ್ತು."

ನಾನು ಆಕೆಯ ಮುಖ ನೋಡಿದೆ. ಈಕೆಗೆ ಏನೋ ಬೇಕಾಗಿದೆ, ಬೇಕಾಗಿರುವವರ ಮಾತಿನಲ್ಲಿ ಹುಷಾರಾಗಿರಬೇಕು ಎಂದುಕೊಂಡೆ. ನಾರಾಯಣಪ್ಪನವರಿಗೂ ಬೇಕಾದದ್ದಿತ್ತು. ಅವರು ಕುರ್ಚಿ ಹಾಕಿ ಕಾಫಿ ಕೊಟ್ಟಿದ್ದರಿಂದ ಆ ಅನುಮಾನ ಸ್ವಲ್ಪ ಕಡಿಮೆಯಾಗಿತ್ತು ಅಂತ ಈಗ ಅನಿಸುತ್ತದೆ.

ಮಾರನೆಯ ದಿನ ಆ ಗರಿ ಸಿಕ್ಕಿತು. ಅದರಲ್ಲಿ ಪಾಳೆಯಗಾರ ಕತ್ತಲಲ್ಲಿ ಪಲ್ಲಕ್ಕಿ ಕಳಿಸುತ್ತಾನೆ. ನೀರಗಂಟಿಯ ಮಗಳು ಪಲ್ಲಕ್ಕಿ ಹಿಂದಕ್ಕೆ ಕಳಿಸುತ್ತಾಳೆ. ಹಿತ್ತಿಲ ಬಾಗಿಲಿಂದ ನಾನು ಬರುವವಳಲ್ಲ, ಹಗಲಲ್ಲಿ ಊರೆಲ್ಲ ನೋಡುವಂತೆ ಏರಿಯ ಮೇಲೆ ಬಂದು ಕೈಹಿಡಿಯಲಿ, ಆಗದಿದ್ದರೆ ಈ ಕೆರೆಯ ನೀರು ಅವನ ಗದ್ದೆಗೂ ಒಂದೇ ನನಗೂ ಒಂದೇ, ನನಗೆ ಅವನ ಹಂಗಿಲ್ಲ ಎಂದು ಹೇಳಿಸುತ್ತಾಳೆ. ಅವನು ಬರುತ್ತಾನೆ. ಅವಳ ತಂದೆ ಕೆರೆಯ ನೀರನ್ನೇ ಧಾರೆಯೆರೆದು ಕೊಡುತ್ತಾನೆ. ಓದುತ್ತಿದ್ದ ಹಾಗೇ ನನಗೆ ಮೈ ಜುಂ ಅಂದಿತು. ಕೂಡಲೇ ಅನುಮಾನ ಬಂತು.

ಗರಿ ಉಳಿದವುಗಳಿಗಿಂತ ಹೊಸದು. ಅರ್ಧ ಬೆರಳು ಗಿಡ್ಡ. ಬರೆದ ಕೈ ಬೇರೆ. ಉಳಿದ ಗರಿಗಳ ತೂತುಗಳನ್ನು ಕಾದ ಸಲಾಕೆಯಿಂದ ಸುಟ್ಟು ಮಾಡಿದ್ದರೆ ಇದರದ್ದು ಚಾಕುವಿನಿಂದ ಕೊರೆದದ್ದು. ಇಷ್ಟೆಲ್ಲ ಸರಿಯಾಗಿಯೇ ನೋಡಿದೆ. ಇದಕ್ಕೆಲ್ಲ ಮಿಗಿಲಾಗಿ ನನಗೆ ಖಾತ್ರಿಯಾದದ್ದು ಆ ಹುಡುಗಿಯ ಮಾತಿನಿಂದ. ಆ ಕಾಲದ ಯಾವ ಕಾವ್ಯದಲ್ಲಿ ನೀರಗಂಟಿಯ ಮಗಳು ದೊರೆಗೆ ಹೀಗೆ ಹೇಳಿ ಕಳಿಸುತ್ತಾಳೆ? ಇದು ಚಿಕ್ಕಮನೆಯವರ ಆಸೆಯೇ ಹೊರತು ಕವಿಯ ಮಾತಲ್ಲ ಎಂದು ತೀರ್ಮಾನಿಸಿದೆ. ಒಬ್ಬ ಹೆಣ್ಣು ತನ್ನ ಪರವಾಗಿ ಬಾಯಿ ತೆರೆದಳು ಅನ್ನುವ ಕಾರಣಕ್ಕೇ ಆ ಮಾತು ಸುಳ್ಳಿರಬೇಕು ಎಂದು ಇನ್ನೊಬ್ಬ ಹೆಣ್ಣು, ಅದೂ ಹಿಂದಿನ ದಿನವಷ್ಟೇ ಬಾಗಿಲಲ್ಲಿ ಆಣೆ ಮಾಡಿ ಒಳಗೆ ಬಂದವಳು, ತೀರ್ಪು ಕೊಟ್ಟಳು. ನನಗೆ ಇವತ್ತಿಗೂ ನಾಚಿಕೆಯಾಗುವುದು ಇಲ್ಲೇ.

'ಸದರಿ ಗರಿಯು ಮೂಲದ್ದಲ್ಲ, ತರುವಾಯ ಸೇರಿಸಿದ್ದು. ಇದರ ಅನುಕೂಲ ಕಿರಿಯ ಶಾಖೆಯವರಿಗೆ' ಎಂದು ವರದಿ ಬರೆದೆ. ಮೇಲಧಿಕಾರಿ ಓದಿ, ಈಗ ನಿಮಗೆ ಕಣ್ಣು ಬಂತು ಅಂದರು. ವರದಿಯ ಪ್ರತಿ ನಾರಾಯಣಪ್ಪನವರಿಗೂ ಹೋಯಿತು. ಅವರು ಅದಕ್ಕೆ ಗಾಜು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದರಂತೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಪೆನ್ಸಿಲ್ ಹಿಡಿದು ಸಾಲು ಸಾಲು ಎತ್ತಿ ಬರೆಯುತ್ತಿದ್ದ ನಾವು ಕ್ಯಾಮೆರಾ ಹಿಡಿದೆವು, ರೀಲು ಹೋಯಿತು, ಸ್ಕ್ಯಾನರ್ ಬಂತು, ಈಗ ಮೊಬೈಲಿನಲ್ಲೇ ಅಕ್ಷರವನ್ನು ಅಂಗೈಯಗಲ ಮಾಡಿ ನೋಡಬಹುದು. ಅನುಕೂಲವೇ. ಆದರೆ ಫೋಟೋದಲ್ಲಿ ಗರಿಯ ದಪ್ಪ ಕಾಣುವುದಿಲ್ಲ, ತೂತಿನ ಅಂಚು ಬೆರಳಿಗೆ ಸಿಗುವುದಿಲ್ಲ, ಮನೆಯವರ ಜೊತೆ ಮಾತಂತೂ ಇಲ್ಲವೇ ಇಲ್ಲ. ಹೊಸಬರು ಒಂದೇ ಹಗಲಿಗೆ ಮೂರು ಮನೆ ಮುಗಿಸಿ ಬರುವುದನ್ನು ನೋಡಿದರೆ ನನಗೆ ಏನೋ ಬಿಟ್ಟುಬಂದಿದ್ದಾರೆ ಅನಿಸುತ್ತದೆ. ನಾನೂ ಬಿಟ್ಟುಬಂದವಳೇ, ಕ್ಯಾಮೆರಾ ಇಲ್ಲದ ಕಾಲದಲ್ಲೇ. ಮುರಿದ ಗರಿಯನ್ನು ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ನಾನು ದೊಡ್ಡಮನೆಯಲ್ಲಿ ಕೇಳಿರಲಿಲ್ಲ.

ನಿವೃತ್ತಿಯಾಗಿ ಬಂಗಾರಪೇಟೆಯಲ್ಲಿ ನೆಲೆಸಿದ ಮೇಲೆ ಒಂದು ಮಧ್ಯಾಹ್ನ ನಾರಾಯಣಪ್ಪನವರ ಸೊಸೆ ಮಂಜುಳ ಮನೆ ಹುಡುಕಿಕೊಂಡು ಬಂದಳು. ಮಾವನಿಗೆ ತಲೆಸುತ್ತು, ಕೋಲಾರದಲ್ಲಿ ಸ್ಕ್ಯಾನ್ ಮಾಡಿಸಿದರಂತೆ. ಮೈಮೇಲೆ ಲೋಹ ಇರಬಾರದು ಎಂದು ತೋಳಿನ ತಾಯಿತದ ದಾರ ಕತ್ತರಿಸಿದರಂತೆ. ಬೆಳ್ಳಿಯ ಚಪ್ಪಟೆ ತಾಯಿತ, ಒಂದು ಬದಿ ಬಾಯಿಬಿಟ್ಟಿತ್ತು.

"ಒಳಗೆ ಏನೋ ಬರ್ದೈತೆ ಮೇಡಂ. ಮತ್ತೆ ಕಟ್ಟೋಕ್ ಮುಂಚೆ ಒಳ್ಳೇದೋ ಕೆಟ್ಟದ್ದೋ ನೋಡ್ಕೊಳೋಣ ಅಂತ. ಯಾರಾದ್ರೂ ಮಾಟ ಗೀಟ ಮಾಡ್ಸಿದ್ರೆ?" ಅಂದಳು.

ಕಿರುಬೆರಳುದ್ದದ ತಾಳೆಗರಿಯ ತುಂಡು. ಭೂತಗನ್ನಡಿ ಹಿಡಿದೆ. ಆ ಕೈಬರಹವನ್ನು ನಾನು ಎರಡು ದಿನ ಓದಿದ್ದೆ, ಮರೆಯುವ ಮಾತೇ ಇಲ್ಲ. ಕಟ್ಟಿನ ಮೂಲ ಬರಹಗಾರನ ಕೈ. ಏರಿಯ ಮೇಲೆ, ಕೆರೆಯ ನೀರ, ಧಾರೆ, ಇಷ್ಟು ಮಾತುಗಳು ಉಳಿದಿದ್ದವು. ತುಂಡಿನ ಕೊನೆಯಲ್ಲಿ ಅರ್ಧ ತೂತು, ಅದರ ಅಂಚು ಸುಟ್ಟು ಕಪ್ಪಾಗಿತ್ತು.

"ಇದು ಎಲ್ಲಿಂದ ಬಂತಮ್ಮ?"

"ಓಲೆ ಮುರಿದ್ರೆ ನಮ್ಮನೇಲಿ ಬಿಸಾಕಲ್ಲ ಮೇಡಂ. ಹೊಸ ಗರಿಗೆ ಎತ್ತಿ ಬರ್ಸಿ, ಹಳೇದನ್ನ ತುಂಡು ಮಾಡಿ ಮಕ್ಳ ತಾಯಿತಕ್ಕೆ ಹಾಕ್ತಾರೆ. ಜ್ವರ ಬರಲ್ಲ ಅಂತ. ಮಾವನ ತಂಗಿಗೂ ಒಂದು ಕಟ್ಟಿದ್ರಂತೆ, ಇಲ್ಲೇ ಬಂಗಾರಪೇಟೆಲಿ ಅವ್ರೆ."

ಅವತ್ತು ಸಂಜೆಯೇ ಆ ತಂಗಿಯ ಮನೆಗೆ ಹೋಗಿ ಕೇಳಿಕೊಂಡೆ. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಒಡವೆ ಬಿಚ್ಚಿಕೊಟ್ಟಷ್ಟು ಹುಷಾರಾಗಿ ತಾಯಿತ ಬಿಚ್ಚಿಕೊಟ್ಟರು. ಎರಡು ತುಂಡುಗಳ ಮುರಿದ ಅಂಚು ಒಂದಕ್ಕೊಂದು ಕೂಡಿತು. ಎರಡನೆಯದರಲ್ಲಿ ಹಿತ್ತಿಲ ಬಾಗಿಲಿನ ಮಾತಿತ್ತು. ಮೂರನೆಯ ತುಂಡು ಇದ್ದಿರಬೇಕು, ಸಿಗಲಿಲ್ಲ. ಗರಿ ಹೊಸದು, ಮಾತು ಹಳೆಯದು. ಮುರಿದುಹೋದದ್ದನ್ನು ದೊಡ್ಡಮನೆಯವರೇ ಹೊಸ ಗರಿಗೆ ಎತ್ತಿ ಬರೆಸಿದ್ದರು. ಯಾರೂ ಏನೂ ಸೇರಿಸಿರಲಿಲ್ಲ. ಪಾಳೆಯಗಾರ ನಿಜಕ್ಕೂ ಏರಿಯ ಮೇಲೆ ಬಂದನೋ ಇಲ್ಲವೋ ನನಗೆ ಗೊತ್ತಿಲ್ಲ, ಕವಿಯ ಮೇಲೆ ನನ್ನ ಅನುಮಾನ ಹಾಗೇ ಇದೆ. ಚಿಕ್ಕಮನೆಯವರ ಮೇಲೆ ನಾನು ಹೊರಿಸಿದ್ದು ಮಾತ್ರ ಶುದ್ಧ ಸುಳ್ಳು.

ಎರಡು ದಿನ ಮನೆಯಲ್ಲೇ ಒದ್ದಾಡಿದೆ. ಇಷ್ಟು ವರ್ಷದ ಮೇಲೆ ಯಾರಿಗೆ ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೆಯ ದಿನ ಬಸ್ಸು ಹತ್ತಿದೆ.

ಮುನಿರತ್ನಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿದಳು. ನಾನು ತುಂಡುಗಳ ಫೋಟೋ ತೋರಿಸಿ ಎಲ್ಲ ಹೇಳಿದೆ. ತಪ್ಪು ನನ್ನದು ಅಂದೆ. ಆಕೆ ಒಲೆಯ ಉರಿ ಸಣ್ಣ ಮಾಡಿದಳು.

"ಅವ್ರು ಓಗಿ ಆರು ವರ್ಸ ಆಯ್ತು ಮೇಡಮ್ಮ. ಎಗಲು ಕೊಡೋಕೆ ನಾಕು ಜನ ಸಾಲ್ದೆ ಡೈರಿ ಉಡುಗ್ರನ್ನ ಕರ್ಕೊಂಬಂದ್ವಿ. ದೊಡ್ಡಮನೆ ಬಾಗ್ಲು ಆಕಿತ್ತು."

ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದಿಟ್ಟಳು.

"ಒಂದ್ ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡಿ. ಒಸ್ಲೇ ದಾಟ್ದಿರೋರು ನಾವು. ಅವ್ರ ದೇವ್ರ ಕೋಣೆ ಪೆಟ್ಗೆ ತೆಗ್ದು, ಕಟ್ಟು ಬಿಚ್ಚಿ, ಗರಿ ಎಂಗ್ ಸೇರಿಸ್ತೀವಿ? ಆವತ್ತೇ ಕೇಳ್ಬೇಕು ಅಂದ್ಕೊಂಡೆ. ಓದಿರೋರು ನೀವು, ಏನೋ ಕಂಡಿರ್ಬೇಕು ಅಂತ ಸುಮ್ಕಾದೆ."

ಅಷ್ಟು ವರ್ಷ ತೂತು, ಅಂಚು, ಕೈಬರಹ ಎಲ್ಲದರ ಮೇಲೂ ಅನುಮಾನ ಪಟ್ಟ ನನಗೆ ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. ಕ್ಷಮಿಸಿ ಅಂದೆ. ಆಕೆ ತಲೆ ಅಲ್ಲಾಡಿಸಿದಳು.

"ನನ್ನ ಅಡ್ಗೆಮನೇಲಿ ಏಳಿದ್ರೆ ಏನ್ ಬಂತು? ನವಮಿ ದಿವ್ಸ ಬನ್ನಿ. ಅಲ್ಲೇ ಏಳಿ, ಎಲ್ರ ಮುಂದೆ."

ನವಮಿಯ ದಿನ ಹೋದೆ. ಮಂಜುಳ ತನ್ನ ಗಂಡನಿಗೆ ಮೊದಲೇ ಹೇಳಿ ಎರಡು ತುಂಡುಗಳನ್ನೂ ತಟ್ಟೆಯಲ್ಲಿಟ್ಟಿದ್ದಳು. ಓದಿಕೆ ಮುಗಿದ ಮೇಲೆ ನಾನು ಎದ್ದು ನಿಂತು, ಗೋಡೆಯ ಮೇಲೆ ಗಾಜಿನೊಳಗಿರುವ ಬರಹ ನನ್ನದು, ಅದು ತಪ್ಪು ಅಂದೆ. ಏಕೆ ತಪ್ಪು ಎಂದು ತುಂಡುಗಳನ್ನು ಕೂಡಿಸಿ ತೋರಿಸಿದೆ. ಪಡಸಾಲೆಯಲ್ಲಿ ಗುಸುಗುಸು ಎದ್ದಿತು. ನಾರಾಯಣಪ್ಪ ಕೋಲೂರಿಕೊಂಡು ಕೂತಿದ್ದರು.

"ಆವತ್ತು ಸುಳ್ಳು ಅಂತ ಬರ್ದೋರು ನೀವೇ. ಇವತ್ತು ನಿಜ ಅಂತಿರೋರೂ ನೀವೇ. ಯಾವ್ದನ್ನ ನಂಬೋದು? ನಿಮ್ಗೆ ಅವ್ರು ಏನ್ ಕೊಟ್ರು?" ಅಂದರು.

"ಒಂದು ಲೋಟ ಮಜ್ಜಿಗೆ" ಅಂದೆ. "ನನ್ನ ನಂಬಬೇಡಿ. ಇದು ನಿಮ್ಮ ತೋಳಿನ ಮೇಲಿತ್ತು. ಕಟ್ಟಿದವರು ನಿಮ್ಮ ಅಪ್ಪ."

ಅವರು ತುಂಡನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಓಲೆಯ ಹಳೆಯ ಅಕ್ಷರ ಓದಲು ಬರುವುದಿಲ್ಲ. ಈ ವಿಷಯ ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನಾನು ಈಗಲೂ ಹೇಳಲಾರೆ. ಗೊತ್ತಿರಲಿಲ್ಲ ಎಂದು ಅವರು ಹೇಳುತ್ತಾರೆ.

ಆ ಮನೆಯಲ್ಲಿ ತಾಂಬೂಲ ಕೊಡುವಾಗ ಯಜಮಾನ ಒಂದೊಂದು ಸಂಸಾರದ ಹಿರಿಯನ ಹೆಸರು ಕೂಗುತ್ತಾನೆ. ಕರೆಸಿಕೊಂಡವನು ಬಂದಿದೀನಿ ಎಂದು ಹೇಳಿ ಮುಂದೆ ಬರಬೇಕು. ನಾರಾಯಣಪ್ಪ ತಾಂಬೂಲದ ತಟ್ಟೆ ಮಡಿಲಲ್ಲಿಟ್ಟುಕೊಂಡು, ತಲೆ ಎತ್ತದೆ, "ಮುನಿರತ್ನಮ್ಮ" ಎಂದು ಕೂಗಿದರು.

ಆಕೆ ಜಗಲಿಯ ಮೇಲೆ ನಿಂತಿದ್ದಳು. ಕದಲಲಿಲ್ಲ.

"ನನ್ ಎಸ್ರು ಯಾಕ್ ಕೂಗ್ತೀಯಾ ಬಾವ? ನಮ್ಮನೆ ಹಿರೀಕ್ರ ಎಸ್ರು ಕೂಗು."

ಸತ್ತವರ ಹೆಸರು ಕೂಗುವುದಿಲ್ಲ, ಮಗನ ಹೆಸರು ಕೂಗಬೇಕು ಎಂದು ಮೂಲೆಯಿಂದ ಯಾರೋ ಅಂದರು. ನಾರಾಯಣಪ್ಪ ಆ ಕಡೆ ನೋಡಲಿಲ್ಲ. ಆಮೇಲೆ ಹೊರಗೆ ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ "ಮುನಿವೆಂಕಟಪ್ಪ" ಅಂದರು.

"ಬಂದವ್ರೆ" ಎಂದಳು ಮುನಿರತ್ನಮ್ಮ. ಸೆರಗು ಹೊದ್ದು ಹೊಸ್ತಿಲು ದಾಟಿ ಬಂದು, ಅವರ ಎದುರಿಗೆ ಚಾಪೆಯ ಮೇಲೆ ಕೂತಳು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ನಾರಾಯಣಪ್ಪ ಎರಡು ಎಲೆ, ಒಂದು ಅಡಿಕೆ ತೆಗೆದು ಆ ಖಾಲಿ ಜಾಗದಲ್ಲಿ ಇಟ್ಟರು, ಮುಂದಿನ ಹೆಸರು ಕೂಗಿದರು.